ಟಾರ್ಚ್ ಹಿಡಿದು ಕಾರಿಗೆ ಬಣ್ಣ ಬಳಿದದ್ದು

ಕಣ್ಣು, ಬೆಳಕು, ಲೆನ್ಸು! ಈ ಮೂರರ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನು ನಾನು. ಊರಿನ ಅರ್ಧ ಜನ ಪೇಪರ್ ಓದುವುದು ನನ್ನ ಕೃಪೆಯಿಂದ. ಆದ್ದರಿಂದ ನನ್ನ ಹೆಂಡತಿ "ಅಪ್ಪನ ಕಾರಿಂದು ಒಂದೇ ಒಂದು ಒಳ್ಳೆ ಫೋಟೋ ಇಲ್ಲ ರೀ" ಎಂದಾಗ, ನಾನು ಎದೆ ಸೆಟೆಸಿ "ನಾನಿದ್ದೀನಿ!" ಎಂದುಬಿಟ್ಟೆ.

ಕಾರು ನಮ್ಮ ಮಾವನವರದು. ಅವರು ತೀರಿಕೊಂಡು ಎರಡು ವರ್ಷವಾಯಿತು, ಕಾರು ಮಾತ್ರ ನಮ್ಮ ಹಿತ್ತಲಲ್ಲಿ ನಿಂತೇ ಇದೆ. ನನ್ನವಳು ಡ್ರೈವಿಂಗ್ ಕಲಿತದ್ದು ಅದರಲ್ಲಿ, ಪರೀಕ್ಷೆಗೆ ಹೋದದ್ದು ಅದರಲ್ಲಿ, ಮದುವೆಗೆ ಬಂದದ್ದೂ ಅದರಲ್ಲೇ. ಈಗ ಅದು ಹೋಗುವುದಕ್ಕಿಂತ ಕೆಮ್ಮುವುದೇ ಹೆಚ್ಚು. "ಸುಮ್ನೆ ಜಾಗ ತಿನ್ನುತ್ತೆ, ಮೆಕ್ಯಾನಿಕ್‌ಗೆ ಕೊಟ್ಬಿಡೋಣ" ಎಂದು ನಾನೇ ಹೇಳಿದ್ದೆ. ಅವಳು "ಹೂಂ" ಎಂದಿದ್ದಳು. ಅವಳು ಫೋಟೋ ಮಾತೆತ್ತಿದ ಮಾರನೆಯ ದಿನವೇ ಬೆಳಿಗ್ಗೆ ಒಂಬತ್ತಕ್ಕೆ ಮೆಕ್ಯಾನಿಕ್ ಬಂದು ಅದನ್ನು ಒಯ್ಯುವವನಿದ್ದ. ಫೋಟೋ ತೆಗೆಯಲು ಉಳಿದದ್ದು ಆ ಒಂದು ರಾತ್ರಿ.

ಹಳೆಯ ಫೋಟೋಗಳೇನೋ ಇದ್ದವು. ಅವೆಲ್ಲ ಮಾವನವರೇ ತೆಗೆದವು, ಕಾರಿಗಿಂತ ಅವರ ಹೆಬ್ಬೆರಳೇ ಜಾಸ್ತಿ. ಹಗಲು ಉಳಿದಿದ್ದರೂ ಪ್ರಯೋಜನವಿರಲಿಲ್ಲ, ಸೂರ್ಯನಿಗೆ ದಾಕ್ಷಿಣ್ಯವೇ ಇಲ್ಲ, ಪ್ರತಿ ತಗ್ಗು, ಪ್ರತಿ ತುಕ್ಕು ತೋರಿಸಿಬಿಡುತ್ತಾನೆ. ಆಗಲೇ ನನಗೆ ಹೊಳೆದದ್ದು ಬೆಳಕಿನ ಚಿತ್ರಕಲೆ!

"ಹಾಗಂದ್ರೇನು?" ಎಂದಳು.

"ಕತ್ತಲಲ್ಲಿ ಕ್ಯಾಮೆರಾದ ಕಣ್ಣು ಅರ್ಧ ನಿಮಿಷ ತೆರೆದೇ ಇಡೋದು. ನಾನು ಟಾರ್ಚ್ ಹಿಡಿದು ಕಾರಿನ ಸುತ್ತ ನಡೀತಾ ಬೆಳಕು ಬಳೀತೀನಿ. ಬಳಿದಷ್ಟು ಮಾತ್ರ ಫೋಟೋದಲ್ಲಿ ಬೀಳುತ್ತೆ. ತುಕ್ಕಿಗೆ ಬೆಳಕೇ ಹಾಕಲ್ಲ, ಅದು ಬೀಳೋದೇ ಇಲ್ಲ!"

"ನೀವು ಬೀಳಲ್ವಾ?"

"ಅದೇ ಇದರ ಮಜಾ. ಓಡಾಡೋರು ಬೀಳಲ್ಲ, ಮಾಯ! ಅಲ್ಲಾಡದೆ ಇರೋರು ಮಾತ್ರ ಬೀಳ್ತಾರೆ."

"ನಾನು ಕೇಳಿದ್ದು ನೀವು ಹೊಸ್ತಿಲಲ್ಲಿ ಎಡವಿ ಬೀಳೋದರ ಬಗ್ಗೆ" ಎಂದು ಅವಳು ಒಳಗಿನ ದೀಪ ಆರಿಸಲು ಹೋದಳು.

ರಾತ್ರಿ ಎಂಟಕ್ಕೆ ಹಿತ್ತಲಿನ ದೀಪಗಳೆಲ್ಲ ಆರಿದವು. ಕಾರಿನ ಪುಟ್ಟ ದೀಪಗಳನ್ನು ಮಾತ್ರ ಅಂದಕ್ಕೆ ಇರಲಿ ಎಂದು ಹಾಕಿಟ್ಟೆ. ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತು. ಅದಕ್ಕೊಂದು ತಂತಿ, ತಂತಿಯ ತುದಿಗೊಂದು ಗುಂಡಿ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮೆರಾ ಕಣ್ಣು ಬಿಟ್ಟಿರುತ್ತದೆ. ಆ ವ್ಯವಸ್ಥೆಗೆ ಹೆಸರು ಬಲ್ಬ್.

"ಬಲ್ಬ್ ಹಾಕಿದೀನಿ. ಈಗ ಒತ್ತಿ ಹಿಡಿ" ಎಂದೆ.

"ಈಗ ತಾನೇ ಬಲ್ಬ್ ಎಲ್ಲಾ ಆರಿಸು ಅಂದ್ರಿ!"

"ಇದು ಆ ಬಲ್ಬ್ ಅಲ್ವೇ!"

"ಹಾಗಾದ್ರೆ ಇದಾದ್ರೂ ಹತ್ತುತ್ತೋ ಇಲ್ವೋ?" ಎಂದು ನನ್ನ ತಲೆಯ ಕಡೆ ನೋಡಿದಳು.

ಮೊದಲ ಪ್ರಯತ್ನ! ಕಪ್ಪು ಶರ್ಟು, ಕಪ್ಪು ಪ್ಯಾಂಟು ತೊಟ್ಟು ಕಾರನ್ನು ಒಂದು ಸುತ್ತು ಬಂದೆ. ಅವಳು ಮೂವತ್ತರ ತನಕ ಎಣಿಸಿದಳು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಕಾರಿಲ್ಲ. ಕಾರಿರಬೇಕಾದ ಕತ್ತಲಲ್ಲಿ ಒಂದು ಬೋಳುತಲೆ ಉದಯಿಸುತ್ತಿತ್ತು. ತಲೆಗೆ ಕಪ್ಪು ಉಣ್ಣೆ ಟೋಪಿ ಎಳೆದುಕೊಂಡೆ, ಅದು ಕಿವಿಯನ್ನೂ ಮುಚ್ಚಿತು.

ಎರಡನೆಯದರಲ್ಲಿ ಬಾನೆಟ್ಟಿನ ಮೇಲೆ ಎರಡು ದುಂಡು ಬೆಳಕು ತೇಲುತ್ತಿದ್ದವು. ನನ್ನ ಕನ್ನಡಕ! ನಾನೇ ಉಜ್ಜಿ ಹೊಳೆಸಿದ ಗಾಜು ನನಗೇ ತಿರುಗಿಬಿದ್ದಿತ್ತು. ಕನ್ನಡಕ ತೆಗೆದು ಜೇಬಿಗಿಟ್ಟೆ. ಅದಿಲ್ಲದಿದ್ದರೆ ಎರಡಡಿ ಆಚೆಗಿರುವುದು ಎಮ್ಮೆಯೋ ಬೀರುವೋ ಎಂದು ನಾನು ಹೇಳಲಾರೆ. ಈ ಗುಟ್ಟನ್ನು ದಯವಿಟ್ಟು ನನ್ನ ಗಿರಾಕಿಗಳಿಗೆ ಹೇಳಬೇಡಿ.

ಮೂರನೆಯದರಲ್ಲಿ ಸೊಳ್ಳೆ ಕಚ್ಚಿತು. ಕಚ್ಚಿದಲ್ಲೆಲ್ಲ ನಿಂತು ಹೊಡೆದೆ, ನಿಂತಲ್ಲೆಲ್ಲ ಬಿದ್ದೆ. ಹೆಂಡತಿ ಪರದೆ ನೋಡಿ, "ಕಾರು ಕಾಣ್ತಿಲ್ಲ. ಗಂಡಂದಿರು ಮೂರು ಜನ ಕಾಣ್ತಿದ್ದಾರೆ" ಎಂದಳು.

"ಒಳ್ಳೇದಲ್ವಾ?"

"ಒಬ್ಬರಲ್ಲೇ ಸಾಕಾಗಿ ಹೋಗಿದೆ!"

ಸೊಳ್ಳೆಗೆಂದು ಮುಖಕ್ಕೂ ಕಪ್ಪು ಬಟ್ಟೆ ಕಟ್ಟಿಕೊಂಡೆ. ಈಗ ನೀವೇ ಯೋಚಿಸಿ. ಕಪ್ಪು ಉಡುಪು, ಕಪ್ಪು ಟೋಪಿ, ಮುಚ್ಚಿದ ಮುಖ, ಕೈಯಲ್ಲಿ ಟಾರ್ಚು, ಕತ್ತಲಲ್ಲಿ ಬಗ್ಗಿಕೊಂಡು ಕಾರು ಸುತ್ತುತ್ತಿರುವ ಮನುಷ್ಯ. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕಿಟಕಿ ತೆರೆದರು.

"ಯಾರೋ ಅದು! ಕಳ್ಳ! ಕಳ್ಳ!"

ಆ ಕೂಗಿನ ಹಿಂದೆಯೇ ಒಂದು ಪೂರ್ತಿ ಬಕೆಟ್ ನೀರು ಬಂತು. ಮೇಷ್ಟ್ರ ಗುರಿ ನಲವತ್ತು ವರ್ಷ ಸೀಮೆಸುಣ್ಣ ಎಸೆದು ಪಳಗಿದ ಗುರಿ. ನೀರಿನ ಸದ್ದು ಕೇಳಿದ ತಕ್ಷಣ ನನ್ನ ಹೆಂಡತಿ ಓಡಿ ಬಂದು ಗಟ್ಟಿಯಾಗಿ ಅಪ್ಪಿಕೊಂಡಳು, ಕ್ಯಾಮೆರಾವನ್ನು.

"ಮೇಷ್ಟ್ರೇ, ನಾನು! ಕನ್ನಡಕದವನು!" ಎಂದು ಕಿರುಚಿದೆ.

"ಅಯ್ಯೋ, ನೀವಾ! ತಪ್ಪಾಯ್ತು ಮಾರಾಯ್ರೇ. ಅಲ್ಲ, ಆ ಕಾರನ್ನ ಯಾರು ಕದೀತಾರೆ ಅಂತ ನಾನಾದ್ರೂ ಯೋಚನೆ ಮಾಡ್ಬೇಕಿತ್ತು" ಎಂದು ಕಿಟಕಿ ಮುಚ್ಚಿಕೊಂಡರು.

ಹೆಂಡತಿ ನಗಬೇಕಿತ್ತು. ನಗಲಿಲ್ಲ. "ಸಾಕು ಬಿಡ್ರಿ. ಆಗಲ್ಲ ಇದು" ಎಂದಳು ಮೆಲ್ಲಗೆ.

"ಇನ್ನೊಂದೇ ಒಂದು ಸಲ."

"ನನಗೆ ಕಾಲು ನೋಯ್ತಿದೆ. ಒಳಗೆ ಕೂತಿರ್ತೀನಿ, ನೀವೇ ಮಾಡ್ಕೊಳ್ಳಿ."

ಅವಳು ಹೋದಳು. ಟೋಪಿಯೊಳಗಿನ ಕಿವಿಗೆ ಎಲ್ಲೋ ಬಾಗಿಲು ಮುಚ್ಚಿದ ಸದ್ದು ಅಸ್ಪಷ್ಟವಾಗಿ ಕೇಳಿತು. ನಾನು ಗುಂಡಿಯನ್ನು ಒತ್ತಿ ಮೇಲಕ್ಕೆ ತಳ್ಳಿದೆ. ಹಾಗೆ ತಳ್ಳಿದರೆ ಅದು ಒತ್ತಿಕೊಂಡೇ ಇರುತ್ತದೆ. ಟಾರ್ಚ್ ಹಿಡಿದು ಹೊರಟೆ.

ತೊಯ್ದಿದ್ದೆ, ನಡುಗುತ್ತಿದ್ದೆ, ಕಣ್ಣು ಕಾಣುತ್ತಿರಲಿಲ್ಲ. ಚಕ್ರ, ಬಾಗಿಲು, ಹಿಂದಿನ ಡಿಕ್ಕಿ ಎಲ್ಲವನ್ನೂ ಕೈಯಿಂದ ತಡವಿ ಬೆಳಕು ಬಳಿಯುತ್ತಿದ್ದೆ. ಕತ್ತಲಲ್ಲಿ ಒಬ್ಬನೇ ಇದ್ದೇನೆಂಬ ಧೈರ್ಯಕ್ಕೆ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಮಾವ," ಎಂದೆ ಕಾರಿಗೆ, "ತಪ್ಪು ನಂದೇ. ಜಾಗ ತಿನ್ನುತ್ತೆ ಅಂದವನು ನಾನು. ನಿಮ್ಮ ಮಗಳು ಹೂಂ ಅಂದ್ಲು. ಆ ಹೂಂನಲ್ಲಿ ಜೀವ ಇರ್ಲಿಲ್ಲ, ನನಗೆ ಗೊತ್ತಾಯ್ತು. ಗೊತ್ತಾಗದವನ ಹಾಗೆ ಇದ್ದೆ."

ಮುಂದಿನ ಚಕ್ರದ ಹತ್ತಿರ ಬಂದಿದ್ದೆ. ಎಣಿಸುವುದು ಎಂದೋ ಮರೆತುಹೋಗಿತ್ತು.

"ದಿನಾ ಸಂಜೆ ಸ್ಕೂಲಲ್ಲಿ ಪಾಠ ಮುಗಿಸಿ ಬಂದವಳೇ ಇಲ್ಲಿಗೆ ಬರ್ತಾಳೆ ಮಾವ. ಬಾಗಿಲು ತೆಗೀತಾಳೆ, ಸುಮ್ನೆ ಮುಚ್ತಾಳೆ. ಆ ಧಡ್ ಅನ್ನೋ ಸದ್ದು ಕೇಳಿದ್ರೆ ನೀವು ಮನೆಗೆ ಬಂದ ಹಾಗಾಗುತ್ತಂತೆ, ಚಿಕ್ಕಂದಿನಲ್ಲಿ ನೀವು ಬಂದದ್ದು ಹಾಗೇ ತಿಳೀತಿತ್ತಂತೆ. ಅಡುಗೆಮನೆ ಕಿಟಕಿಯಿಂದ ನಾನು ನೋಡ್ತೀನಿ. ಒಂದು ಫೋಟೋನಾದ್ರೂ ಸರಿಯಾಗಿ ತೆಗೆದುಕೊಡೋಣ ಅಂದ್ರೆ, ನೋಡಿ ನನ್ನ ಅವತಾರ!"

ಕೊನೆಗೆ ಮುಂದಿನ ಗಾಜಿನ ಮೇಲೆ ಬೆಳಕು ಆಡಿಸಿದೆ. ಒಳಗೆ ಏನೋ ಮಸುಕಾಗಿ ಕಂಡಿತು. ಸೀಟಿನ ಬೆನ್ನಿರಬೇಕು ಎಂದುಕೊಂಡು ಅದಕ್ಕೂ ಧಾರಾಳವಾಗಿ ಒಂದು ಕೈ ಬೆಳಕು ಬಳಿದು ಬಂದು ಗುಂಡಿ ಬಿಡಿಸಿದೆ.

ಆಗ ಧಡ್ ಎಂದಿತು. ಸೀಟಿನ ಬೆನ್ನು ಬಾಗಿಲು ತೆಗೆದುಕೊಂಡು ಕೆಳಗಿಳಿದು ಬಂತು!

ನಾನು ಕೂಗಿದ ರೀತಿಗೆ ಮೇಷ್ಟ್ರು ಮತ್ತೆ ಕಿಟಕಿ ತೆರೆದರು.

"ನೀ... ನೀನು ಒಳಗೆ ಹೋಗ್ತೀನಿ ಅಂದಿದ್ದೆ!"

"ಒಳಗೇ ಇದ್ನಲ್ಲ. ಕಾರೊಳಗೆ" ಎಂದಳು. ದನಿ ಒದ್ದೆಯಾಗಿತ್ತು. ನನ್ನ ಜೇಬಿಂದ ಕನ್ನಡಕ ತೆಗೆದು, ತನ್ನ ಸೆರಗಿನಿಂದ ಒರೆಸಿ, ನನ್ನ ಮೂಗಿಗೆ ಹಾಕಿದಳು. ಇಬ್ಬರೂ ಪರದೆಯ ಮೇಲೆ ಬಗ್ಗಿದೆವು.

ಕಡುನೀಲಿ ಕಾರು ನಿಂತಿತ್ತು. ತಗ್ಗಿಲ್ಲ, ತುಕ್ಕಿಲ್ಲ, ಶೋರೂಮಿನಿಂದ ಆಗಷ್ಟೇ ಬಂದ ಹಾಗೆ. ಮೇಷ್ಟ್ರು ಎರಚಿದ ನೀರಿನಿಂದ ನೆಲದಲ್ಲೂ ಅದರ ಬಿಂಬ ಬಿದ್ದಿತ್ತು. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು, ಸ್ವಲ್ಪವೂ ಮಸುಕಾಗದೆ, ಅವಳು ಕೂತಿದ್ದಳು. ನನ್ನ ಮಾತು ಕೇಳುತ್ತ ಅಷ್ಟು ಹೊತ್ತೂ ಅವಳು ಅಲ್ಲಾಡಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು.

ಅವಳು ಬಹಳ ಹೊತ್ತು ನೋಡಿದಳು.

"ನಾಳೆ ಮೆಕ್ಯಾನಿಕ್‌ನ ಬರಿಗೈಲಿ ಕಳಿಸಿಬಿಡೋಣವಾ?" ಎಂದೆ.

"ಹೂಂ" ಎಂದಳು.

ಈ ಹೂಂ ಬೇರೆ. ಇದನ್ನು ಗುರುತಿಸಲು ನನಗೆ ಕನ್ನಡಕವೇನೂ ಬೇಕಾಗಲಿಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಸರಿಯಾಗಿ ಒಂಬತ್ತಕ್ಕೆ ಬಂದ. ವಿಷಯ ಹೇಳಿದೆವು. ಆದರೂ ಅಭ್ಯಾಸಬಲದಿಂದ ಒಮ್ಮೆ ಕೀಲಿ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ.

"ರಾತ್ರಿಯೆಲ್ಲ ಲೈಟ್ ಹಾಕೇ ಬಿಟ್ಟಿದೀರಿ ಸಾರ್, ಬ್ಯಾಟರಿ ಕೂತಿದೆ. ನೀವು ಕೊಡ್ತೀನಿ ಅಂದಿದ್ರೂ ಇದು ಬರ್ತಿರ್ಲಿಲ್ಲ ಬಿಡಿ" ಎಂದು ನಕ್ಕ.

ನಾನು ಮಾತು ಬದಲಿಸಲು ಕ್ಯಾಮೆರಾ ತಂದು ಅದರ ಪರದೆಯಲ್ಲಿ ಹೆಮ್ಮೆಯಿಂದ ಫೋಟೋ ತೋರಿಸಿದೆ. ಅವನು ಹಿಡಿದು, ಹತ್ತಿರ ತಂದು, ದೂರ ಇಟ್ಟು ನೋಡಿದ. "ಭಾರಿ ಚೆನ್ನಾಗಿದೆ ಸಾರ್! ಅಕ್ಕ ಎಷ್ಟು ಚೆನ್ನಾಗಿ ಬಂದಿದಾರೆ. ಆದ್ರೆ ನೀವೆಲ್ಲಿ, ಕಾಣ್ತಿಲ್ವಲ್ಲ?"

ನಾನು ಕ್ಯಾಮೆರಾದ ಶಾಸ್ತ್ರ ವಿವರಿಸಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಅವನ ಕೈಗೆ ಕಾಫಿ ಕೊಡುತ್ತಾ ಹೇಳಿದಳು:

"ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ನನ್ನ ಸುತ್ತ ಸುತ್ತಿದಾರೆ ಕಣಪ್ಪಾ. ಅದಕ್ಕೂ ಸಾಕ್ಷಿ ಇಲ್ಲದ ಹಾಗೆ ಮಾಡ್ಕೊಂಡಿದಾರೆ!"