ಸರೋಜಳ ನಿದ್ದೆಗೊಂದು ಸಾಫ್ಟ್‌ವೇರ್

ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು ತರುವುದು ನನ್ನಂಥವನಿಗೆ ಅರ್ಧ ದಿನದ ಕೆಲಸ ಎಂದೇ ನಂಬಿದ್ದೆ. ನನ್ನಂಥವನು ಎಂದರೆ, ಚಿಕ್ಕಬಳ್ಳಾಪುರದಲ್ಲಿ ಹಿಂದಿ ಮೇಷ್ಟ್ರಾಗಿದ್ದೂ ಕಂಪ್ಯೂಟರನ್ನು ಮುಟ್ಟಿ ನೋಡಿದ್ದವನು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಗೆ ಅದೇನು ಸಣ್ಣ ಅರ್ಹತೆಯೇ!

ನನ್ನ ಹೆಂಡತಿ ಸರೋಜ ಸಾದಲಿಯವಳು. ಹುಳ ಸಾಕುವ ಮನೆಯಲ್ಲಿ, ಬಿದಿರು ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಬೆಳೆದವಳು. ಮದುವೆಯಾಗಿ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಬಾಡಿಗೆ ಮನೆಗೆ ಅವಳು ಬಂದಳು, ಅವಳ ನಿದ್ದೆ ಮಾತ್ರ ಸಾದಲಿಯಲ್ಲೇ ಉಳಿಯಿತು. ಡಾಕ್ಟರ ಮಾತ್ರೆಯೂ ಸೋತಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಹಗಲು ಮುದ್ದೆ ತಿರುವುತ್ತಾ ಕೋಲು ಹಿಡಿದೇ ತೂಕಡಿಸುವಳು. ಹಾಸಿಗೆಗೆ ಹೋದಳೋ, ಕಣ್ಣು ಪಿಳಿಪಿಳಿ!

"ಆ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲ ರೀ" ಎಂದಳು ಒಮ್ಮೆ.

"ಅದೇನೇ ಅಂಥ ಸದ್ದು?"

"ಹೆಂಗೆ ಹೇಳ್ಲಿ... ದೂರದಲ್ಲೆಲ್ಲೋ ಮಳೆ ಹುಯ್ತಾ ಇರ್ತದೆ, ನಾವು ನೆನೆಯಲ್ಲ. ಹಂಗೇ ಕೇಳ್ತಾ ಕೇಳ್ತಾ ನಾನೇ ಒಂದು ಎಲೆ ಆಗೋಗಿ, ಅಂಚಿಂದ ಚೂರುಚೂರೇ ಕರಗ್ತಾ ಇದೀನಿ ಅನ್ನಿಸ್ತಿತ್ತು."

ಹೆಂಡತಿ ಎಲೆಯಾಗಬೇಕು ಅಂದಮೇಲೆ ಗಂಡ ಸುಮ್ಮನಿರುವುದುಂಟೇ? ಮಾತು ಕೊಟ್ಟುಬಿಟ್ಟೆ.

ಶಿಡ್ಲಘಟ್ಟದಲ್ಲಿ ನನ್ನ ಗೆಳೆಯ ಅಮಾನುಲ್ಲಾ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ. ಅವನ ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸಿ ಮಿಕ್ಸ್ ಮಾಡುವ ಸಾಫ್ಟ್‌ವೇರ್‌ಗಳು ಎರಡಿದ್ದವು. ಒಂದರ ಪರದೆ ನೀಲಿ, ಇನ್ನೊಂದರದು ಹಸಿರು. ಅವನು ನೀಲಿ ಪಕ್ಷ. ಎರಡನ್ನೂ ಕೊಂಚ ಹೊತ್ತು ನೋಡಿದ ನಾನು ಹಸಿರು ಪಕ್ಷ ಸೇರಿದೆ. ಕಾರಣ? ಅವನು ನೀಲಿ ಅಂದಿದ್ದ!

ಕಂಪ್ಯೂಟರನ್ನು ಬಸ್ಸಿನಲ್ಲಿ ಹೊತ್ತೊಯ್ಯುವಂತಿರಲಿಲ್ಲ. ಮೊದಲು ಟೇಪ್‌ರೆಕಾರ್ಡರಿನಲ್ಲಿ ಹಿಡಿದು ತರುವುದು, ಆಮೇಲೆ ಕಂಪ್ಯೂಟರಿಗೆ ಇಳಿಸುವುದು ಎಂದು ತೀರ್ಮಾನಿಸಿ ಭಾನುವಾರ ಸಾದಲಿಗೆ ಹೊರಟೆವು. ಬಾಗಿಲಲ್ಲೇ ನನ್ನ ಅತ್ತೆ ಮೂಗರಳಿಸಿದರು.

"ಅಯ್ಯೋ ದೇವುಡಾ! ಏನಪ್ಪಾ ಇದು ಘಮಘಮ? ಈ ವಾಸನೆಗೆ ಹುಳ ಸೊಪ್ಪು ಮುಟ್ಟಲ್ಲ!"

ಅಮಾನುಲ್ಲಾ ಅತ್ತರು ಹಚ್ಚಿದ್ದ. ನಾನು ಅಳಿಯನ ಘನತೆಗೆ ತಕ್ಕಷ್ಟು ಪೌಡರು ಬಳಿದಿದ್ದೆ. ಇಬ್ಬರನ್ನೂ ಬಚ್ಚಲಿಗೆ ಅಟ್ಟಲಾಯಿತು. ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ, ಮಾವನ ಹಳೇ ಲುಂಗಿಗಳಲ್ಲಿ ಇಬ್ಬರು ಧ್ವನಿತಜ್ಞರು ಹುಳದ ಕೋಣೆಯನ್ನು ಪ್ರವೇಶಿಸಿದೆವು!

ಒಳಗೆ ಅರೆಗತ್ತಲು. ಅತ್ತೆ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎಲ್ಲಿಂದಲೋ ಒಂದು ಹನಿ ಬಿದ್ದಂತಾಯಿತು. ಇನ್ನೊಂದು. ನೋಡನೋಡುತ್ತ ಕೋಣೆ ತುಂಬ ಸರಸರ, ಸರಸರ. ಹೊರಗೆ ಚುರುಗುಟ್ಟುವ ಬಿಸಿಲು, ಒಳಗೆ ಮೋಡವಿಲ್ಲದ ಮಳೆ. ನನ್ನ ಕಾಲು ನೆಲ ಬಿಟ್ಟ ಹಾಗಾಯಿತು. ನಾನೂ ಇನ್ನೇನು ಎಲೆಯಾಗುವುದರಲ್ಲಿದ್ದೆ. ಹೇಗೋ ಸಾವರಿಸಿಕೊಂಡು ಟೇಪಿನ ಗುಂಡಿ ಒತ್ತಿದೆ.

ಅಮಾನುಲ್ಲಾ ಕಿವಿಯಲ್ಲಿ ಪಿಸುಗುಟ್ಟಿದ: "ಮೇಷ್ಟ್ರೇ, ಇದನ್ನ ಹಸಿರಲ್ಲಿ ಹಾಕಿದ್ರೆ ಕೆಟ್ಟೋಗ್ತದೆ."

"ಯಾಕೋ ಕೆಡ್ತದೆ? ಹಸಿರಲ್ಲಿ ಟ್ರ್ಯಾಕ್ ಜಾಸ್ತಿ!"

"ಅರೆ, ಟ್ರ್ಯಾಕ್ ಇಟ್ಕೊಂಡು ಏನ್ ರೈಲು ಓಡಿಸ್ತೀರಾ? ನೀಲೀಲಿ ಟೇಪಿನ ಸುಯ್ ಸದ್ದೆಲ್ಲ ಹೋಗ್ತದೆ!"

ಕ್ಯಾಸೆಟ್ ಮುಗಿದು ಟಕ್ ಎನ್ನುವವರೆಗೂ ವಾದ ನಡೆಯಿತು.

"ಇಷ್ಟೊಂದು ಹುಳ ಒಂದೇ ತಟ್ಟೇಲಿ ಜಗಳ ಇಲ್ದಂಗೆ ಉಣ್ತವೆ" ಎಂದರು ಅತ್ತೆ. "ನಿಮಗಿಬ್ರಿಗೆ ಏನಪ್ಪಾ ಬಂದಿರೋದು?"

ವಾರವಿಡೀ ಸಂಜೆ ಶಾಲೆ ಬಿಟ್ಟೊಡನೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ವಾರವಿಡೀ ಅದೇ ಚರ್ಚೆ: ಯಾವುದು ಶ್ರೇಷ್ಠ? ಸರೋಜ ಕೆಂಗಣ್ಣು ಬಿಟ್ಟುಕೊಂಡು "ಆಯ್ತೇನ್ರೀ?" ಎಂದು ಕೇಳುವಳು. "ಉನ್ನತ ಮಟ್ಟದ ಸಮಾಲೋಚನೆ ನಡೀತಾ ಇದೆ" ಎನ್ನುವೆನು.

ಶನಿವಾರ ಅಂತಿಮ ಪರೀಕ್ಷೆ ಏರ್ಪಟ್ಟಿತು. ಯಾವುದು ಹೆಚ್ಚು ಚೊಕ್ಕಟ ಮಾಡುತ್ತದೋ ಅದೇ ಗೆದ್ದಂತೆ. ಅಮಾನುಲ್ಲಾ ವಿಧಾನ ವಿವರಿಸಿದ:

"ಯಾರೂ ಮಾತಾಡದಿರೋ ಜಾಗ ಹುಡುಕಿ, ಇದೇ ಕಸ ಅಂತ ಕಂಪ್ಯೂಟರಿಗೆ ತೋರಿಸ್ಬೇಕು. ಅಂಥದ್ದು ಎಲ್ಲೆಲ್ಲಿದ್ರೂ ಅದೇ ಗುಡಿಸಿ ಹಾಕ್ತದೆ."

ಟೇಪಿನ ತುಂಬ ಇದ್ದ ನಮ್ಮ ವಾದದಲ್ಲಿ ಯಾರೂ ಮಾತಾಡದಿರುವ ಜಾಗ ಹುಡುಕುವುದೇ ಕಷ್ಟವಾಯಿತು. ಕೊನೆಗೆ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತಿದ್ದ ಒಂದು ಸಂದು ಸಿಕ್ಕಿತು. ಅದನ್ನೇ ತೋರಿಸಿದೆವು. ನೀಲಿ ಗುಡಿಸಿತು. ಉಳಿದದ್ದನ್ನು ನಾನು ಹಸಿರಿನಿಂದ ಗುಡಿಸಿದೆ. ಆಹಾ, ಎಂಥ ಸ್ವಚ್ಛ! ಒಂದೊಂದು ಅಕ್ಷರವೂ ತೊಳೆದಿಟ್ಟ ಮುತ್ತು! ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅವನು ಮೊದಲಿನದನ್ನು ಅಳಿಸಿದ. ಬೇರೆ ಕ್ಯಾಸೆಟ್ ಯಾಕೆ ದಂಡ ಎಂದು ನಾನು ಹಳೆಯದರ ಮೇಲೆಯೇ ಹೊಸದನ್ನು ತುಂಬಿಸಿದೆ. ಇಬ್ಬರೂ ತಬ್ಬಿಕೊಂಡು ಚಹಾ ತರಿಸಿದೆವು.

ಅಮಾನುಲ್ಲಾನ ಲೋಟ ತುಟಿಯ ಬಳಿ ನಿಂತುಹೋಯಿತು.

"ಮೇಷ್ಟ್ರೇ... ಹುಳ ಎಲ್ಲಿ?"

ಕಸದ ಜೊತೆ ಹೋಗಿದ್ದವು! ಅಲ್ಲ, ನಾವು ಕಸವೆಂದು ತೋರಿಸಿದ್ದೇ ಅವನ್ನು!

ಸಿಕ್ಕ ಬಸ್ಸು ಹತ್ತಿ ಸಾದಲಿಗೆ ಓಡಿದೆ. ಪೌಡರಿರಲಿಲ್ಲ, ಬರೀ ಬೆವರು.

"ಹುಳ ಹಣ್ಣಾದ್ವಲ್ಲ ಅಳಿಯಂದ್ರೇ, ಇನ್ನು ಸೊಪ್ಪು ಮುಟ್ಟಲ್ಲ, ಗೂಡು ಕಟ್ಲಿ ಅಂತ ನೆನ್ನೇನೇ ಚಂದ್ರಿಕೆಗೆ ಬಿಟ್ಟಾಯ್ತು" ಎಂದರು ಅತ್ತೆ. ಸುರುಳಿ ಸುರುಳಿಯಾದ ಬಿದಿರಿನ ಚಂದ್ರಿಕೆಗಳ ಮೇಲೆ ಒಂದೊಂದು ಹುಳವೂ ತನ್ನ ಸುತ್ತ ತಾನೇ ಬೆಳ್ಳಗಿನ ಹಾಸಿಗೆ ನೇಯ್ದುಕೊಳ್ಳುತ್ತಿತ್ತು. ಸೂಜಿ ಬಿದ್ದಷ್ಟೂ ಸದ್ದಿಲ್ಲ. ಎಲ್ಲರಿಗೂ ನಿದ್ದೆ ಸಿಕ್ಕಿತ್ತು, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಮರುದಿನ ಮಧ್ಯಾಹ್ನ ಸರೋಜ ಕಿಟಕಿ ಮುಚ್ಚಿ, ಚಾಪೆ ಹಾಸಿ, ದಿಂಬು ತಟ್ಟಿ ಕಾದಿದ್ದಳು. ನಿಜ ಹೇಳುವ ಧೈರ್ಯ ಬರುವ ಮೊದಲೇ ಕ್ಯಾಸೆಟ್ ಕಿತ್ತುಕೊಂಡು ಹಾಕಿಬಿಟ್ಟಳು.

"...ಹಸಿರಲ್ಲಿ ಟ್ರ್ಯಾಕ್ ಜಾಸ್ತಿ..."

ಗೋಡೆಗೆ ಮುಖ ಮಾಡಿ ನಿಂತೆ. ಬೈಗುಳ ಬರಲಿಲ್ಲ. ಅಳುವೂ ಇಲ್ಲ. ಮೆಲ್ಲಗೆ ತಿರುಗಿದೆ.

ಸರೋಜ ಮಲಗಿದ್ದಳು. ಬಾಯಿ ಕೊಂಚ ತೆರೆದಿತ್ತು, ಕೈ ದಿಂಬಿನಿಂದ ಜಾರಿತ್ತು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ತಟ್ಟೆಗಳ ಪಕ್ಕ ಮಲಗುತ್ತಿದ್ದ ಹುಡುಗಿ ಕಂಡಳು. ನಾನು ಉಸಿರು ಬಿಗಿಹಿಡಿದು ಕೂತೆ. ಟೇಪಿನೊಳಗಿನ ನಾನು ಮಾತ್ರ ನಿಲ್ಲಿಸಲೇ ಇಲ್ಲ.

ಮುಂದಿನ ಬೆಳೆಯಲ್ಲಿ ಹುಳದ ಸದ್ದನ್ನು ಸರಿಯಾಗಿ ಹಿಡಿದು ತರುತ್ತೇನೆಂದೆ.

"ಬೇಡ ಬಿಡಿ ರೀ" ಎಂದಳು. "ಹುಳದ ಸದ್ದಿಗೆ ನಿದ್ದೆ ಬರೋದು ನಿಧಾನ. ಇದಾದ್ರೆ ನೀಲಿಯಿಂದ ಹಸಿರಿಗೆ ಬರೋದ್ರೊಳಗೆ ಬಂದ್ಬಿಡ್ತದೆ!"

ಅದೆಲ್ಲ ನೀಲಿಯ ಮಹಿಮೆ ಎಂದು ಅಮಾನುಲ್ಲಾ ಇಂದಿಗೂ ವಾದಿಸುತ್ತಾನೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವನು ಮಾತಾಡುವಾಗ ಸರೋಜಳ ರೆಪ್ಪೆ ಇನ್ನೂ ಅಲುಗುತ್ತಿರುತ್ತದೆ. ನಾನು ಹಸಿರಿನ ಗುಣಗಾನ ಶುರುಮಾಡುತ್ತಿದ್ದಂತೆ ಗೊರಕೆ!