ಮೊಲದ ಹೊಟ್ಟೆ, ನನ್ನ ಮರ್ಯಾದೆ

ನಾನು ಭಾರಿ ಸಿಟ್ಟಿನ ಹೆಂಗಸು ಎಂದು ಆಳಂದದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಮಾತಿದೆ. ಅದು ಶುದ್ಧ ಸುಳ್ಳು. ಖಾರ ಹೆಚ್ಚಾಯಿತೆಂದರೆ ಮಜ್ಜಿಗೆ ಕೊಡುತ್ತೇನೆ, ರೊಟ್ಟಿ ಆರಿದೆ ಎಂದರೆ ಬಿಸಿ ರೊಟ್ಟಿ ತಂದು ಹಾಕುತ್ತೇನೆ. ಗೊಬ್ಬರದಂಗಡಿಯ ಬಸಣ್ಣ ತನ್ನ ಹೆಂಡತಿ ಮಾಡುವ ಪುಂಡಿಪಲ್ಯವೇ ಪಲ್ಯ ಎಂದು ದಿನಾ ಹೇಳುತ್ತ ದಿನಾ ನಮ್ಮಲ್ಲೇ ಉಣ್ಣುತ್ತಾನೆ. ಅವನಿಗೂ ಕೇಳಿ ಕೇಳಿ ಬಡಿಸುತ್ತೇನೆ. ಆದರೆ ನನ್ನ ಅಡುಗೆಯಿಂದ ಹೊಟ್ಟೆ ಕೆಟ್ಟಿತು ಎಂದರೆ ಮಾತ್ರ ನಾನು ನಾನಾಗಿ ಉಳಿಯುವುದಿಲ್ಲ. ಖಾನಾವಳಿ ಶುರುಮಾಡಿದಾಗಿನಿಂದ ಜಿಡಗಾ ಮಠಕ್ಕೆ ಹೊರಟವರು, ಕೋರ್ಟಿಗೆ ಬಂದವರು, ಅಫಜಲಪುರದ ಬಸ್ ತಪ್ಪಿಸಿಕೊಂಡವರು ಎಲ್ಲರೂ ನಮ್ಮಲ್ಲಿ ಉಂಡು, ತೇಗಿ ಎದ್ದುಹೋಗಿದ್ದಾರೆ. ಒಂದು ನರಪಿಳ್ಳೆಯೂ ಅಂಥ ಮಾತಾಡಿರಲಿಲ್ಲ. ಕೊನೆಗೆ ಆಡಿಸಿದ್ದು ಒಂದು ಮೊಲ.

ಮೊಲ ನನ್ನದಲ್ಲ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಪಲ್ಲವಿ ಎಂಬ ಹುಡುಗಿಯದು. ಹಾಸ್ಟೆಲಿನ ಊಟ ಸಾಕಾದಾಗಲೆಲ್ಲ ನಮ್ಮ ಖಾನಾವಳಿಗೆ ಬಂದು, ನನ್ನನ್ನು ಕಾಕಿ ಎಂದು ಕರೆದು, ಎರಡು ರೊಟ್ಟಿ ಹೆಚ್ಚೇ ತಿಂದು ಹೋಗುತ್ತಿದ್ದಳು. ರಜೆಗೆ ಜೇವರ್ಗಿಯ ತನ್ನ ಮನೆಗೆ ಹೊರಟಾಗ, ಅವ್ವನಿಗೆ ಪ್ರಾಣಿಗಳೆಂದರೆ ಆಗುವುದಿಲ್ಲ ಎಂದು ಮೊಲವನ್ನು ಪಂಜರದ ಸಮೇತ ತಂದು ನನ್ನ ಮುಂದಿಟ್ಟಳು. ಅದರ ಹೆಸರು ಬೆಣ್ಣಿ. ಅದಕ್ಕೇನು ಹಾಕಬೇಕು, ಏನು ಹಾಕಬಾರದು ಎಂದು ಬಹಳ ಹೊತ್ತು ಹೇಳಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಜೋಳದ ರೊಟ್ಟಿ ಬಡಿಯುವ ಸದ್ದಿನಲ್ಲಿ ಸ್ವಂತ ಗಂಡನ ಮಾತೇ ಕೇಳಿಸುವುದಿಲ್ಲ. ಅದು ಆ ಕೆಲಸದ ದೊಡ್ಡ ಸುಖ. ಹೂಂ ಹೂಂ ಎಂದು ತಲೆಯಾಡಿಸಿ ಕಳಿಸಿಕೊಟ್ಟೆ. ಊಟ ಹಾಕುವುದನ್ನು ನನಗೆ ಯಾರು ಕಲಿಸಬೇಕು?

ಪಂಜರವನ್ನು ಕೈ ತೊಳೆಯುವ ಜಾಗದ ಪಕ್ಕದಲ್ಲಿಟ್ಟಿದ್ದೆ. ಗಿರಾಕಿಗಳೆಲ್ಲ ಬೆಣ್ಣಿಯನ್ನು ಮಾತಾಡಿಸಿಯೇ ಹೋಗುತ್ತಿದ್ದರು. ಹೀಗೆ ಕೆಲವು ದಿನ ಚೆನ್ನಾಗಿ ಕಳೆದವು. ಒಂದು ಬೆಳಿಗ್ಗೆ ನೋಡುತ್ತೇನೆ, ಮೊಲ ಮೂಲೆಯಲ್ಲಿ ಮುದುಡಿ ಕುಳಿತಿದೆ. ಕಿವಿ ಹಿಂದಕ್ಕೆ, ಕಣ್ಣು ಅರ್ಧ ಮುಚ್ಚಿ, ಕಟಕಟ ಹಲ್ಲು ಕಡಿಯುತ್ತಿದೆ. ಪಂಜರದಲ್ಲಿ ಒಂದು ಹಿಕ್ಕೆಯೂ ಇಲ್ಲ. ಬಿಸಿ ರೊಟ್ಟಿಯ ಮೆತ್ತನೆಯ ನಡುಭಾಗವನ್ನು ಮುರಿದು ಮುಂದೆ ಹಿಡಿದೆ. ಮೂಸಿ ನೋಡಿ ಮುಖ ಆ ಕಡೆ ತಿರುಗಿಸಿತು. ನನಗೆ ಮೊದಲು ಕನಿಕರ ಬರಲಿಲ್ಲ, ಅವಮಾನವಾಯಿತು. ಇದನ್ನು ನೋಡುತ್ತಿದ್ದ ಬಸಣ್ಣ, ಇಡೀ ಖಾನಾವಳಿಗೆ ಕೇಳಿಸುವಂತೆ, "ಅಕ್ಕೋರೆ, ಮೊಲಕ್ಕೂ ನಿಮ್ಮ ರೊಟ್ಟಿ ಹಿಡಸವಲ್ದೇನ್ರಿ?" ಎಂದ. ಆಗಷ್ಟೇ ಬಂದು ಕುಳಿತಿದ್ದ ಇಬ್ಬರು ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಸ್ ಬಂತೆಂದು ಎದ್ದು ಹೋದರು. ಯಾವ ಬಸ್ಸೂ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾನ್ ಅಂಗಡಿಯಲ್ಲಿ ಸುದ್ದಿ ಬೆಳೆದು, ನಮ್ಮಲ್ಲಿ ಉಂಡ ಯಾರೋ ಒಬ್ಬರನ್ನು ದವಾಖಾನೆಗೆ ಸೇರಿಸಿದ್ದಾರೆ ಎಂದಾಗಿತ್ತು.

ಮೊಲಕ್ಕೆ ಯಾರು ಏನು ತಿನ್ನಿಸಿದರೆಂದು ನಾನು ವಿಚಾರಣೆ ಶುರುಮಾಡಿದೆ. ಮೊದಲು ಸಿಕ್ಕವರು ಬಳೆ ಅಂಗಡಿಯ ಮೌಲಾಸಾಬ್, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ತಾನೇನೂ ಕೊಟ್ಟಿಲ್ಲ ಎಂದರು. ನಾನು ಅಲ್ಲಿಂದ ಕದಲದಿದ್ದಾಗ, "ಒಂದು ಬಿಸ್ಕೀಟ್ ಅಷ್ಟೇ ಅಕ್ಕಾ, ಹಲ್ಲಿಗಿ ತ್ರಾಸ ಆಗಬಾರ್ದಂತ ಚಾದಾಗ ಅದ್ದಿ ಕೊಟ್ಟೀನ್ರಿ" ಎಂದರು. ದಿನಾಲೂ ಒಂದು ಎಂಬುದನ್ನು ಎರಡನೇ ಸಲ ಕೇಳಿದಾಗ ಒಪ್ಪಿಕೊಂಡರು. ಬಸಣ್ಣ ಬಾಳೆಹಣ್ಣು ಕೊಟ್ಟಿದ್ದ, ಜೊತೆಗೆ ಮಿರ್ಚಿಭಜಿಯ ಹೊರಗಿನ ಹಿಟ್ಟು, ಮೆಣಸಿನಕಾಯಿ ತೆಗೆದು. ಆ ವಿವೇಕಕ್ಕೆ ನಾನು ಅವನನ್ನು ಹೊಗಳಬೇಕು ಎಂಬಂತೆ ನನ್ನ ಮುಖ ನೋಡಿದ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಮ್ಮವರು ಇದ್ದಕ್ಕಿದ್ದಂತೆ ಫ್ಯಾನು ನೋಡತೊಡಗಿದರು. ಮದುವೆಯಾದಾಗಿನಿಂದ ಆ ನೋಟ ನನಗೆ ಗೊತ್ತು. ಕೇಳಿದರೆ ಶೇಂಗಾ ಹೋಳಿಗೆ ಎಂದರು. ನನ್ನ ತಮ್ಮ ಬರುತ್ತಾನೆಂದು ಎತ್ತಿಟ್ಟಿದ್ದ ಹೋಳಿಗೆ! ಇಲಿ ತಿಂದಿತೆಂದು ನನ್ನನ್ನು ನಂಬಿಸಿ, ನನ್ನ ಕೈಯಿಂದಲೇ ಇಲಿಬೋನು ಇಡಿಸಿದ್ದ ಮಹಾನುಭಾವರು. ಇಷ್ಟು ಜನ ಸೇರಿ ಒಂದು ಗೇಣುದ್ದದ ಜೀವಿಯ ಹೊಟ್ಟೆಯನ್ನು ಗೋದಾಮು ಮಾಡಿದ್ದರು. ನಾನು ಮೂರು ಹೊತ್ತು ರೊಟ್ಟಿ ಹಾಕುತ್ತಿದ್ದೆನಲ್ಲ ಎಂದು ನೀವು ಕೇಳಬಹುದು. ನಾನು ಹಾಕಿದ್ದು ಊಟ, ಅವರು ಹಾಕಿದ್ದು ಚಟ.

ಕೆಡಿಸಿದವರೇ ವೈದ್ಯರೂ ಆದರು. ನಮ್ಮವರು ಅಜವಾನದ ನೀರು ಎಂದರು. ಬಸಣ್ಣ ಸೋಡಾ ಕುಡಿಸಿದರೆ ತೇಗು ಬರುತ್ತದೆ ಎಂದ. ಕೂಸುಗಳಿಗೆ ಹೊಟ್ಟೆ ಉಬ್ಬಿದರೆ ತಮ್ಮ ಅಜ್ಜಿ ಹೊಕ್ಕುಳಿಗೆ ಇಂಗು ಹಚ್ಚುತ್ತಿದ್ದರೆಂದು ಮೌಲಾಸಾಬ್ ನೆನಪಿಸಿಕೊಂಡರು. ಇಂಗು ತೇಯ್ದದ್ದಾಯಿತು. ಮೂವರು ದೊಡ್ಡ ಗಂಡಸರು ಊಟದ ಮೇಜಿನ ಮೇಲೆ ಬಗ್ಗಿ ಮೊಲದ ಕೂದಲಲ್ಲಿ ಹೊಕ್ಕುಳು ಹುಡುಕಿದರು, ಸಿಗಲಿಲ್ಲ. ಅವರನ್ನು ಬೈದು ಅಟ್ಟಿ ನಾನೇ ಎತ್ತಿಕೊಂಡೆ. ಹೊಟ್ಟೆ ಬಾರಿಸುವ ಹಲಗೆಯ ಹಾಗೆ ಬಿಗಿದಿತ್ತು. ಒದೆಯಲಿಲ್ಲ, ಕೊಸರಾಡಲಿಲ್ಲ, ಸುಮ್ಮನೆ ನನ್ನ ಮೊಳಕೈಗೆ ಮುಖ ಒತ್ತಿತು. ಆಗ ನನಗೆ ಹೆದರಿಕೆಯಾಯಿತು. ನಂಬಿ ಬಿಟ್ಟುಹೋದ ಹುಡುಗಿಗೆ ಏನೆಂದು ಹೇಳಲಿ?

ರೊಟ್ಟಿ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ, ದನದ ದವಾಖಾನೆಗೆ ನಡೆದೆ. ದಾರಿಯುದ್ದಕ್ಕೂ, ಯಾರ ಮನೆಗೆ ಊಟ ಹೊಂಟಾದ ಎಂದು ಕೇಳುವವರೇ. ಡಾಕ್ಟರರು ತಾಳ್ಮೆಯವರು. ಹೊಟ್ಟೆ ಮುಟ್ಟಿ ನೋಡಿ, ಏನೇನು ತಿಂದಿದೆ ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಹೋಳಿಗೆಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊಲಕ್ಕೆ ವಾಂತಿಯೂ ಇಲ್ಲ, ತೇಗೂ ಇಲ್ಲ; ಅದರ ಕರುಳು ನಿಲ್ಲದೆ ಓಡುತ್ತಿರಬೇಕು, ನಾರಿನ ಮೇವಿಲ್ಲದೆ ಹಿಟ್ಟು, ಸಕ್ಕರೆ ತುಂಬಿದರೆ ನಿಂತುಹೋಗುತ್ತದೆ, ಜೀವಕ್ಕೇ ಅಪಾಯ ಎಂದು ವಿವರಿಸಿದರು. ತಾವೇ ಔಷಧಿ ಕೊಟ್ಟು, ಹೊಟ್ಟೆಯನ್ನು ಎಷ್ಟು ಹಗುರಾಗಿ ನೀವಬೇಕೆಂದು ತೋರಿಸಿದರು. ಬಟ್ಟಲಲ್ಲಿ ನೀರಿಡಿ, ಸ್ವಲ್ಪ ಓಡಾಡಲು ಬಿಡಿ, ಒಣಹುಲ್ಲು ಇಲ್ಲವೆ ಒಣಗಿದ ಕಣಿಕೆ ದಂಟಿನ ಎಲೆ ಮುಂದೆ ಹಾಕಿ, ಸಂಜೆಯೊಳಗೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಮನೆಯಲ್ಲಿ ಕೂಡ್ರದೆ ತಿರುಗಿ ತನ್ನಿ ಎಂದರು. ನಾನು ಮೆಲ್ಲಗೆ ರೊಟ್ಟಿಯ ವಿಷಯ ಎತ್ತಿದೆ.

"ರೊಟ್ಟೀನೂ ಬ್ಯಾಡ್ರಿ."

"ಕಣಿಕೀನೂ ಜೋಳದ್ದೇ ಅಲ್ರಿ, ಡಾಕ್ಟರೇ?"

"ಹೌದ್ರಿ. ಕಾಳು ನಿಮ್ಮ ಪಾಲಿಗಿ, ಎಲಿ ಅದರ ಪಾಲಿಗಿ."

ಹಿಂದಿನ ಓಣಿಯ ಎಮ್ಮೆಯವರ ಮನೆಯಿಂದ ಕಣಿಕೆ ತಂದೆ. ಹಂಚನ್ನು ನಮ್ಮವರಿಗೊಪ್ಪಿಸಿ ಒಳಕೋಣೆಯಲ್ಲಿ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತ ಕುಳಿತೆ. ಅಂದು ರೊಟ್ಟಿಗಳು ಯಾವ ಆಕಾರದಲ್ಲಿ ಹೊರಗೆ ಹೋದವೋ, ಕೇಳುವ ಧೈರ್ಯವಾಗಲಿಲ್ಲ. ಪಲ್ಲವಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, "ಕಾಕೀ, ನಾ ಈಗ ಬಸ್ ಹತ್ತಾಕತ್ತೇನ್ರಿ, ನೀವು ಅದರ ಮಗ್ಗಲಾಗಿಂದ ಏಳಬ್ಯಾಡ್ರಿ" ಎಂದಳು. ಬೈದಿದ್ದರೆ ನಾನೂ ಬೈಯಬಹುದಿತ್ತು. ನಾನು ನೀವಿದೆ. ಇಳಿಸಿ ನಡೆಸಿದೆ. ಮತ್ತೆ ನೀವಿದೆ. ಉಣ್ಣದೆ ಹಟ ಹಿಡಿದ ಕೂಸಿಗೆ ಹೇಳುವಂತೆ ಏನೇನೋ ಹೇಳಿದೆ.

ಬಿಸಿಲು ಇಳಿಯುವ ಹೊತ್ತಿಗೆ ಬೆಣ್ಣಿ ತಾನಾಗಿ ತೊಡೆಯಿಂದ ಜಿಗಿಯಿತು. ಮೈ ನೀಡಿತು. ಕಣಿಕೆಯ ಒಂದು ಎಲೆ ಎಳೆದುಕೊಂಡು ಸರಸರ ಅಗಿಯಿತು, ಇನ್ನೊಂದು ಎಳೆಯಿತು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ನೆಲದ ಮೇಲೆ ನಾಲ್ಕಾರು ಕಪ್ಪು ಗುಂಡುಗಳು ಕಂಡವು. ಆಮೇಲೆ ನಾನು ಮಾಡಿದ್ದನ್ನು ಖಾನಾವಳಿ ನಡೆಸುವ ಯಾವ ಹೆಂಗಸೂ ಮಾಡಬಾರದು. ಅವನ್ನು ಅಂಗೈಯಲ್ಲಿ ಆರಿಸಿಕೊಂಡು ಊಟದ ಕೋಣೆಗೆ ಓಡಿ, ತುತ್ತು ಎತ್ತಿದವರ ನಡುವೆ ನಿಂತು, ಕೈ ಚಾಚಿ, "ಹಿಕ್ಕಿ ಹಾಕ್ಯಾದ್ರಿ" ಎಂದು ಸಾರಿದೆ. ತುತ್ತುಗಳು ಗಾಳಿಯಲ್ಲೇ ನಿಂತವು. ಕದದ ಹತ್ತಿರ ಕುಳಿತಿದ್ದ ಅಪರಿಚಿತರ ಒಂದು ಸಂಸಾರ ನಿಧಾನವಾಗಿ ತಟ್ಟೆ ಹಿಂದಕ್ಕೆ ಸರಿಸಿತು. ಮೌಲಾಸಾಬ್ ಎರಡೂ ಕೈ ಎತ್ತಿ ದೇವರಿಗೆ ಶುಕ್ರಿಯಾ ಹೇಳಿದರು. ಬಸಣ್ಣ ಮಾತ್ರ, ಹಾಗಾದರೆ ತನಗಿನ್ನೊಂದು ರೊಟ್ಟಿ ಹಾಕಿ, ಆದರೆ ಮೊದಲು ಕೈ ತೊಳೆದುಕೊಳ್ಳಿ ಎಂದ. ಅವನ ಮಾತಿನಲ್ಲಿ ನ್ಯಾಯವಿದ್ದದ್ದು ಅದೊಂದೇ ಸಲ.

ದೀಪ ಹಚ್ಚುವ ಹೊತ್ತಿಗೆ ಪಲ್ಲವಿ ಬಂದಳು. ಮೊಲವನ್ನು ಎದೆಗವಚಿಕೊಂಡು ಅತ್ತಳು, ನನ್ನನ್ನೂ ಅವಚಿಕೊಂಡಳು, ಮರುದಿನ ಅವ್ವನ ಒಪ್ಪಿಗೆಯನ್ನೂ ಕಾಯದೆ ಅದನ್ನು ಜೇವರ್ಗಿಗೆ ಒಯ್ದಳು. ಊರಿನ ಗುಲ್ಲೂ ಅಡಗಿತು. ಆದರೆ ನನ್ನ ಸಿಟ್ಟು ಇಳಿದಿಲ್ಲ. ನನ್ನ ರೊಟ್ಟಿಗೆ ಮುಖ ತಿರುಗಿಸಿದ ಪ್ರಾಣಿ, ಎಮ್ಮೆ ತಿಂದುಳಿದ ಒಣ ಎಲೆಯನ್ನು ಬೀಗರ ಊಟದ ಹಾಗೆ ಚಪ್ಪರಿಸಿತಲ್ಲ, ಅದರಲ್ಲಿ ಅಂಥದ್ದೇನಿದೆ? ಮೊಲ ಹೋದ ಮೇಲೆ ಪಂಜರವಿದ್ದ ಜಾಗ ಗುಡಿಸುವಾಗ ಒಂದು ಎಲೆ ಸಿಕ್ಕಿತು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಧೂಳು ಒರೆಸಿ ಬಾಯಿಗೆ ಹಾಕಿಕೊಂಡೆ. ಅಗಿದೆ, ಅಗಿದೇ ಅಗಿದೆ. ಹಿಂದೆ ಯಾವಾಗಲೋ ಬಂದು ನಿಂತಿದ್ದ ನಮ್ಮವರು, ಏನು ತಿನ್ನುತ್ತಿದ್ದೀ ಎಂದು ಕೇಳಿದರು. ಬಾಯಿ ತುಂಬಿತ್ತು. "ಉಪ್ಪು ಕಡಿಮಿ ಆಗ್ಯಾದ" ಎಂದಷ್ಟೇ ಹೇಳಿದೆ.