ಚೆಲುವಿಯ ಕೆಚ್ಚಲು, ನನ್ನ ಮೊದಲ ಬಹುಮಾನ

ಬುದ್ಧಿ ಹೇಳುವುದಕ್ಕೇ ಸಂಬಳ ಕೊಡುವ ಕೆಲಸವೊಂದು ಸಿಕ್ಕಿಬಿಟ್ಟರೆ ಮನುಷ್ಯ ಕೆಡುತ್ತಾನೆ. ನಾನು ಕೆಟ್ಟಿದ್ದು ಹಾಗೆ. ಕೈಲಾಂಚದ ಹತ್ತಿರದ ನಮ್ಮೂರಿನ ಹಾಲಿನ ಡೇರಿಯಲ್ಲಿ ಇಪ್ಪತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಊರಿನವರ ಬಾಯಲ್ಲಿ ನಾನು ಟೆಸ್ಟರ್ ಬೋರಣ್ಣ. ಹಾಲಿನಲ್ಲಿ ಒಡೆದ ಮೊಸರಿನಂಥ ಒಂದು ಚೂರು ಗೆಡ್ಡೆ ಕಂಡರೂ ಸಾಕು, ತಂದವರನ್ನು ಅಲ್ಲೇ ನಿಲ್ಲಿಸಿಕೊಂಡು ಪಾಠ ಶುರು ಮಾಡುತ್ತೇನೆ. "ಕೆಚ್ಚಲಲ್ಲಿ ಹಾಲು ಉಳಿಸಬೇಡ್ರಪ್ಪ, ಉಳಿದ ಹಾಲು ವಿಷ. ಹೊತ್ತಿಗೆ ಸರಿಯಾಗಿ ಕರೀರಿ, ಕೊನೇ ಹನೀವರ್ಗೂ ಕರೀರಿ. ಇಲ್ಲಾಂದ್ರೆ ಕೆಚ್ಚಲು ಬಾವು ಬಂದು ಜೀವಾನೇ ಹೋಯ್ತದೆ." ಹಿಂದೆ ಸಾಲಿನಲ್ಲಿ ನಿಂತವರಿಗೆ ಇದು ಬಾಯಿಪಾಠ. ಒಮ್ಮೆ ಒಬ್ಬ ಹೆಂಗಸು ಕ್ಯಾನನ್ನು ಕೆಳಗಿಟ್ಟು, "ನಿಮ್ ಬಾಯಿ ಕರುದ್ರೆ ದಿನಕ್ಕೆ ಇಪ್ಪತ್ತು ಲೀಟ್ರು ಬತ್ತದೆ ಬೋರಣ್ಣ, ಬೇಗ ನನ್ ಹಾಲು ಅಳೀರಿ" ಅಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನನಗೆ ನಗುವ ಯೋಗ್ಯತೆ ಇತ್ತು.

ಇನ್ನು ನನ್ನ ಹೆಂಡತಿ ಸಾಕಮ್ಮನ ವಿಷಯ. ಅವಳು ಬುದ್ಧಿ ಹೇಳುವವಳಲ್ಲ, ಮೇಕೆ ಸಾಕುವವಳು. ಮಾಗಡಿ ಕಡೆಯ ತವರಿನಿಂದ ಹದಿನಾಲ್ಕು ವರ್ಷದ ಹಿಂದೆ ಒಂದು ಕೆಂದು ಮೇಕೆ ಹಿಡಿದುಕೊಂಡು ಬಂದಳು. ಸಾಮಾನ್ಯ ಊರುಮೇಕೆ, ಲೋಟ ತುಂಬ ಹಾಲು ಕೊಟ್ಟರೆ ಹೆಚ್ಚು. ಆದರೆ ಸಾಕಮ್ಮನ ಲೆಕ್ಕವೇ ಬೇರೆ. ಮೇಕೆ ಬೆದೆಗೆ ಬಂದಾಗಲೆಲ್ಲ ಊರಿನಲ್ಲಿ ತಿರುಗುವ ಯಾವುದೋ ಹೋತಕ್ಕೆ ಬಿಡದೆ, ಮಾಗಡಿ ರಸ್ತೆಯ ಒಂದು ತೋಟದಲ್ಲಿದ್ದ ಉದ್ದ ಕಿವಿಯ ಹಾಲುತಳಿ ಹೋತದ ಹತ್ತಿರ ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಜೊತೆಯಲ್ಲಿ ಹೋಗುವುದಕ್ಕೆ ನನಗೆ ನಾಚಿಕೆ. "ಗಂಡು ನೋಡಕ್ಕೆ ನೀವೂ ಬನ್ನಿ ಅಂದ್ರೆ ಅದ್ಯಾಕೆ ಅಂಗ್ ಮುಖ ಮಾಡ್ತೀರಿ?" ಅನ್ನುವಳು. ಹುಟ್ಟಿದ ಹೆಣ್ಣುಮರಿಗಳಲ್ಲಿ ಚೆನ್ನಾಗಿರುವುದನ್ನು ಉಳಿಸಿ, ಉಳಿದದ್ದನ್ನು ಮಾರಿ, ಮತ್ತೆ ಆಟೋ, ಮತ್ತೆ ಬೇರೆ ಹೋತ. ನನ್ನ ಅಜ್ಜನ ಅಪ್ಪನ ಹೆಸರು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೇಕೆಗಳ ವಂಶ ಮಾತ್ರ ನಾಲ್ಕು ತಲೆಮಾರು ನಾಲಗೆಯ ಮೇಲಿದೆ. ಆ ನಾಲ್ಕನೆಯ ತಲೆಮಾರಿನವಳೇ ಚೆಲುವಿ. ಮೈ ಬಿಳುಪು, ಕತ್ತಿನ ತನಕ ಕೆಂಪು, ಗಲ್ಲ ದಾಟಿ ಜೋಲುವ ಕಿವಿ, ದಿನಕ್ಕೆ ಎರಡೂಮುಕ್ಕಾಲು ಲೀಟರು ಹಾಲು. ನಮ್ಮ ಮನೆಯಲ್ಲಿ ಚೆಲುವಿ ಅಂದರೆ ಸಾಕಮ್ಮನ ಹದಿನಾಲ್ಕು ವರ್ಷದ ದುಡಿಮೆ, ಅಷ್ಟೂ ಒಂದೇ ಗೂಟಕ್ಕೆ ಕಟ್ಟಿದ್ದು.

ಚೆಲುವಿ ಎರಡು ಮರಿ ಹಾಕಿತ್ತು, ಒಂದು ಹೆಣ್ಣು, ಒಂದು ಹೋತಮರಿ. ಮರಿಗಳು ಹಾಲು ಕುಡಿಯುವುದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅವು ಸುಮ್ಮನೆ ಕುಡಿಯುವುದಿಲ್ಲ, ತಲೆಯಿಂದ ಕೆಚ್ಚಲಿಗೆ ಗುದ್ದುತ್ತವೆ. ಗುದ್ದಿದರೆ ತಾಯಿ ಸೊರೆ ಬಿಡುತ್ತದೆ, ಅಂದರೆ ಒಳಗಿನ ಹಾಲನ್ನು ತೊಟ್ಟಿಗೆ ಇಳಿಸುತ್ತದೆ. ಸಾಕಮ್ಮ ಕರೆಯಲು ಕೂತಾಗಲೂ ಮೊದಲು ಮುಷ್ಟಿಯಿಂದ ಹಾಗೇ ಮೆಲ್ಲಗೆ ಎರಡು ಸಲ ಗುದ್ದಿ, "ಬುಡವ್ವ" ಅನ್ನುತ್ತಿದ್ದಳು. ಚೆಲುವಿ ಬಿಡುತ್ತಿತ್ತು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ರಾಮನಗರದಲ್ಲಿ ಹಾಲುಮೇಕೆಗಳ ಪ್ರದರ್ಶನ ಇದೆ ಅಂತ ಡೇರಿಯ ಗೋಡೆಗೆ ಯಾರೋ ಚೀಟಿ ಅಂಟಿಸಿ ಹೋದರು. ಚೀಟಿ ಓದಿದ ಗಳಿಗೆಯಿಂದ ಚೆಲುವಿ ನನ್ನ ಮೇಕೆಯಾಯಿತು. ಅಲ್ಲಿಯವರೆಗೂ ಅದಕ್ಕೆ ಒಂದು ಹಿಡಿ ಸೊಪ್ಪು ಹಾಕದವನು ನಾನು! ಸಾಕಮ್ಮ, "ಅದ್ರ ಪಾಡಿಗೆ ಅದಿರ್ಲಿ ಬುಡಿ, ಜನದ ಕಣ್ಣು ಒಂದೇ ಥರ ಇರಾಕಿಲ್ಲ" ಅಂದಳು. ನಾನು ಕೇಳಲಿಲ್ಲ. ದೊಡ್ಡಮಳೂರಿನ ನನ್ನ ಗೆಳೆಯ ಪುಟ್ಟಸ್ವಾಮಿಯನ್ನು ಕರೆಸಿದೆ. ಅವನು ಇಂಥ ಪ್ರದರ್ಶನಗಳಲ್ಲಿ ಪಳಗಿದವನು, ಹೋರಿಗಳ ಕೊಂಬು ಕೆತ್ತಿ ಕೆತ್ತಿ ಎರಡು ಬೆರಳಿನ ತುದಿ ಕಳೆದುಕೊಂಡವನು. ಚೆಲುವಿಯ ಸುತ್ತ ಒಂದು ಸುತ್ತು ಬಂದು ಹೇಳಿದ, "ಮೇಕೆ ಏನೋ ಚಿನ್ನದಂಗೈತೆ ಕಣ್ಲಾ. ಆದ್ರೆ ತೀರ್ಪು ಕೊಡೋರು ಮುಖ ನೋಡಾಕಿಲ್ಲ, ಕೆಚ್ಚಲು ನೋಡ್ತಾರೆ. ಬೆಳಿಗ್ಗೆ ಒಂದೊತ್ತು ಕರೀದೆ ಬುಟ್ಬುಡು, ಮರೀನೂ ಬುಡಬ್ಯಾಡ. ಬಿಂದಿಗೆ ಇದ್ದಂಗೆ ಕಾಣ್ತದೆ."

ಇಪ್ಪತ್ತು ವರ್ಷ ಕೆಚ್ಚಲಿನ ಪಾಠ ಹೇಳಿದವನು ಅವತ್ತು ಅವನ ಕೆನ್ನೆಗೆ ಬಿಗಿಯಬೇಕಾಗಿತ್ತು. ನಾನು ಏನು ಮಾಡಿದೆ? ಒಂದು ಹೊತ್ತು ಬಿಟ್ಟರೆ ಬಿಂದಿಗೆ, ಎರಡು ಹೊತ್ತು ಬಿಟ್ಟರೆ ಹಂಡೆಯೇ ಆಗಬಹುದಲ್ಲ ಅಂತ ಯೋಚಿಸಿದೆ. ಅನುಕೂಲವೂ ಹಾಗೇ ಕೂಡಿಬಂತು. ಶನಿವಾರ ಬೆಳಿಗ್ಗೆ ಹಾಲು ಕರೆದ ಮೇಲೆ ಸಾಕಮ್ಮ ತನ್ನ ತಂಗಿಯ ಜೊತೆ ಕಬ್ಬಾಳಮ್ಮನಿಗೆ ಹರಕೆ ತೀರಿಸಲು ಕಬ್ಬಾಳಿಗೆ ಹೊರಟಳು, ಭಾನುವಾರ ಸಾಯಂಕಾಲ ಬರುವವಳು. ಬಸ್ಸು ಹತ್ತುವವರೆಗೂ ಒಂದೇ ಮಾತು: "ಹೊತ್ತಿಗೆ ಸರಿಯಾಗಿ ಕರೀರಿ. ಮರಿ ಬುಡೋದ್ನ ಮರೀಬ್ಯಾಡಿ." ನಾನು, "ನಂಗೇ ಹೇಳ್ಕೊಡ್ತೀಯಾ?" ಅಂತ ಗತ್ತಿನಿಂದ ಕೇಳಿದೆ.

ಸಾಯಂಕಾಲ ಫೋನು ಬಂತು. "ಕರುದ್ರಾ?" "ಹ್ಞೂಂ." "ಎಷ್ಟು?" ಸುಳ್ಳು ಹೇಳಿ ಅಭ್ಯಾಸವಿಲ್ಲದವನು ತಡವರಿಸುತ್ತಾನೆ, ಅಳತೆಯ ಕೆಲಸ ಮಾಡುವವನು ತಡವರಿಸುವುದಿಲ್ಲ. "ಒಂದೂಕಾಲು" ಅಂದೆ. ಬೆಳಿಗ್ಗೆ ಮತ್ತೆ ಫೋನು, "ಒಂದೂವರೆ" ಅಂದೆ. "ಅಯ್, ನಿಮ್ ಕೈಗೂ ಅಷ್ಟು ಕೊಟ್ಳಾ ನನ್ ಮಗ್ಳು!" ಅಂತ ಸಾಕಮ್ಮ ಹಿಗ್ಗಿದಳು. ಹಿಂದೆ ದೇವಸ್ಥಾನದ ಗಂಟೆ ಕೇಳಿಸುತ್ತಿತ್ತು. ಇತ್ತ ಮರಿಗಳು ಬುಟ್ಟಿಯ ಕೆಳಗೆ ಅರಚಿ ಅರಚಿ ಗಂಟಲು ಕಟ್ಟಿಕೊಂಡಿದ್ದವು. ಅವಕ್ಕೆ ಡೇರಿಯ ಹಸುವಿನ ಹಾಲು ಬಾಟಲಿಯಲ್ಲಿ ಕುಡಿಸಿದೆ. ಚೆಲುವಿ ಅವುಗಳ ಕಡೆ ತಿರುಗಿ ಕೂಗುತ್ತಲೇ ಇತ್ತು. ನಾನು ಅದರ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದೆ.

ಪ್ರದರ್ಶನ ಭಾನುವಾರ ಹತ್ತು ಗಂಟೆಗೆ ಅಂತ ಚೀಟಿಯಲ್ಲಿತ್ತು. ಹತ್ತು ಗಂಟೆಗೆ ಮೇಕೆಗಳು ಬಂದಿದ್ದವು, ಮುಖ್ಯ ಅತಿಥಿಗಳು ಬಂದಿರಲಿಲ್ಲ. ಹನ್ನೆರಡಕ್ಕೆ ಬಂದರು. ಆಮೇಲೆ ಹಾರ, ಪೇಟ, ಪ್ರಾರ್ಥನೆ, ಸ್ವಾಗತ, ಮೇಕೆಯ ಹಾಲಿನ ಮಹತ್ವದ ಮೇಲೆ ಮೂರು ಭಾಷಣ. ಕೊನೆಯವರು ಮಾತಾಡುತ್ತಿದ್ದಾಗ ಚೆಲುವಿಯ ತೊಟ್ಟಿನಿಂದ ಹಾಲು ತಾನಾಗಿ ತೊಟ್ಟಿಕ್ಕಲು ಶುರುವಾಯಿತು. ಅದು ಹಿಂಗಾಲು ಅಗಲಿಸಿ ನಿಂತು, ಬಾಯಿಗೆ ಇಟ್ಟ ಹಿಪ್ಪುನೇರಳೆ ಸೊಪ್ಪನ್ನೂ ಮೂಸದೆ ನನ್ನನ್ನೇ ನೋಡುತ್ತಿತ್ತು. ಪುಟ್ಟಸ್ವಾಮಿ ಕಿವಿಯಲ್ಲಿ, "ತೊಟ್ಟಿನ ತುದೀಗೆ ಒಸಿ ಅಂಟು ಹಚ್ಚುದ್ರೆ ನಿಲ್ತದೆ ಕಣ್ಲಾ" ಅಂದ. ನನಗೂ ಆತ್ಮಸಾಕ್ಷಿ ಅಂತ ಒಂದಿದೆ. "ಥೂ, ಅಷ್ಟು ಪಾಪಿ ಅಲ್ಲ ಕಣೋ ನಾನು" ಅಂದು, ಅಂಟು ಹಚ್ಚದೆ, ಸೋರಿದ ಹಾಲನ್ನು ಕರ್ಚೀಫಿನಿಂದ ಒರೆಸಿದೆ. ಅವತ್ತಿನ ನನ್ನ ಪುಣ್ಯಕಾರ್ಯ ಅದೊಂದೇ.

ಮೂರು ಗಂಟೆಗೆ ತೀರ್ಪು. ಚೆಲುವಿಗೆ ಮೊದಲ ಬಹುಮಾನ. ಮೇಕೆಗೆ ಹೂವಿನ ಹಾರ, ನನಗೆ ಶಾಲು, ಹತ್ತು ಲೀಟರಿನ ಸ್ಟೀಲ್ ಹಾಲಿನ ಕ್ಯಾನು. ಪುಟ್ಟಸ್ವಾಮಿ ನನ್ನ ಫೋನಿನಲ್ಲಿ ಫೋಟೊ ತೆಗೆದ. ಅದರಲ್ಲಿ ನಾನು ಹಲ್ಲು ಕಿರಿಯುತ್ತಿದ್ದೇನೆ, ಪಕ್ಕದಲ್ಲಿ ಚೆಲುವಿ ಬಿಂದಿಗೆಯಂಥ ಕೆಚ್ಚಲು ಹೊತ್ತು ನಿಂತಿದೆ.

ಮನೆಗೆ ಬಂದು ಕರೆಯಲು ಕೂತೆ. ಮುಟ್ಟಿದರೆ ಒದೆಯಿತು. ಜೀವಮಾನದಲ್ಲಿ ಯಾರನ್ನೂ ಒದ್ದ ಮೇಕೆಯಲ್ಲ ಅದು. ಕೆಚ್ಚಲು ಕಲ್ಲಾಗಿತ್ತು, ಸುಡುತ್ತಿತ್ತು. ಮರಿ ಬಿಟ್ಟರೆ ಮರಿಯನ್ನೂ ಒದೆಯಿತು. ಅಷ್ಟರಲ್ಲಿ ಸಾಕಮ್ಮ ಬಂದಳು, ಕ್ಯಾನು ನೋಡಲಿಲ್ಲ, ಶಾಲು ನೋಡಲಿಲ್ಲ, ನೇರ ಕೊಟ್ಟಿಗೆಗೆ ಹೋದಳು. ಮುಷ್ಟಿಯಿಂದ ಮೆಲ್ಲಗೆ ತಟ್ಟಿ, "ಬುಡವ್ವ" ಅಂದಳು. ದಾರದಂತೆ ಒಂದೆರಡು ಎಳೆ ಬಂತು. ಸೋಮವಾರ ಬೆಳಿಗ್ಗೆ ಕರೆದಾಗ ಬಂದದ್ದು ಹಾಲಲ್ಲ, ಕೆಂಪು ನೀರು, ನೀರಿನಲ್ಲಿ ಒಡೆದ ಮೊಸರಿನಂಥ ಗೆಡ್ಡೆ. ಅದು ಏನು ಅಂತ ತಿಳಿಯಲು ನನಗೆ ಪರೀಕ್ಷೆ ಬೇಕಾಗಿರಲಿಲ್ಲ.

ಪಶು ಡಾಕ್ಟರಮ್ಮ ಬಂದು ಚುಚ್ಚುಮದ್ದು ತುಂಬುತ್ತಾ ಕೇಳಿದರು, "ಹಾಲು ಎಷ್ಟು ಹೊತ್ತು ಬಿಟ್ಟಿದ್ರಿ? ನಿಜ ಹೇಳಿ." ನಾನು ಬಾಯಿ ತೆರೆಯುವ ಮೊದಲೇ ಸಾಕಮ್ಮ, "ಇಲ್ಲ ಡಾಕ್ಟ್ರವ್ವ, ಬುಡೋ ಪೈಕಿ ಅಲ್ಲ ಇವ್ರು. ಇಡೀ ಊರ್ಗೆ ಇವ್ರೇ ಹೇಳೋದು. ಶನಿವಾರ ಸಂಜೆ ಒಂದೂಕಾಲು ಲೀಟ್ರು, ನೆನ್ನೆ ಬೆಳಿಗ್ಗೆ ಒಂದೂವರೆ ಕರುದವ್ರೆ, ನಾನೇ ಫೋನಲ್ಲಿ ಕೇಳಿವ್ನಿ" ಅಂದಳು. ನನ್ನ ಸುಳ್ಳು ಅವಳ ಬಾಯಲ್ಲಿ ಸತ್ಯದ ಹಾಗೇ ಕೇಳಿಸಿತು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಬೇರೆ ಎಲ್ಲವನ್ನೂ ಆಸೆಯ ಮೇಲೆ ಹಾಕಬಹುದು, ಈ ತಲೆಯಾಡಿಸಿದ್ದನ್ನು ಯಾವುದರ ಮೇಲೆ ಹಾಕಲಿ?

ಮಧ್ಯಾಹ್ನ ಪುಟ್ಟಸ್ವಾಮಿ ಬಂದ, ಕೈಯಲ್ಲಿ ಸಿಹಿ ಪೊಟ್ಟಣ. ಚೆಲುವಿ ಗೋಣಿಚೀಲದ ಮೇಲೆ ಮಲಗಿತ್ತು, ಸಾಕಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಳು. ಅವನು ಅದನ್ನೆಲ್ಲ ಸರಿಯಾಗಿ ನೋಡುವ ಮೊದಲೇ ಬಾಗಿಲಲ್ಲೇ ಶುರು ಮಾಡಿದ, "ನಿನ್ ಗಂಡ ಭಾರಿ ಗಟ್ಟಿಗ ಕಣವ್ವ! ನಾನು ಒಂದೊತ್ತು ಕರೀದೆ ಬುಡು ಅಂದ್ರೆ ಎಲ್ಡೊತ್ತು ಬುಟ್ಟವ್ನೆ. ಅದ್ಕೇ ಫಸ್ಟು ಬಂದದ್ದು!" ಆಮೇಲೆ ಮೇಕೆಯನ್ನು ನೋಡಿ ಸಿಹಿ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡ. ಸಾಕಮ್ಮ ತಲೆಯೆತ್ತಲಿಲ್ಲ. ಬಟ್ಟೆಯನ್ನು ನೀರಿಗೆ ಅದ್ದಿದಳು, ಹಿಂಡಿದಳು, ಮತ್ತೆ ಒತ್ತಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನೇ ಡಾಕ್ಟರಮ್ಮನಿಗೆ ಫೋನು ಮಾಡಿ ನಿಜ ಹೇಳಿದೆ. "ಬೆಳಿಗ್ಗೆನೇ ಹೇಳಿದ್ರೆ ಇಷ್ಟೊತ್ತಿಗೆ ಚೇತರಿಸ್ಕೋತಿತ್ತಾ?" ಅಂತಲೂ ಕೇಳಿದೆ. ಅವರು, "ಹೇಳಕ್ಕಾಗಲ್ಲ ಬೋರಣ್ಣ" ಅಂದರು. ಆ ಮಾತು ಇವತ್ತಿಗೂ ನನ್ನ ಜೊತೆಯಲ್ಲೇ ಊಟಕ್ಕೆ ಕೂರುತ್ತದೆ.

ಮಾರನೆಯ ದಿನ ಕೆಚ್ಚಲಿನ ಒಂದು ಭಾಗ ತಣ್ಣಗಾಗಿ ನೀಲಿಗೆ ತಿರುಗಿತು. ಅದರ ಮಾರನೆಯ ಬೆಳಿಗ್ಗೆ ಚೆಲುವಿ ಸತ್ತಿತು. ಹುಣಸೆಮರದ ಪಕ್ಕ ಗುಂಡಿ ತೋಡಿದೆ. ಎಂದೂ ಗುದ್ದಲಿ ಹಿಡಿಯದ ಕೈ, ಬೊಬ್ಬೆ ಎದ್ದಿತು, ಯಾರೂ ಅಯ್ಯೋ ಅನ್ನಲಿಲ್ಲ. ಸಾಕಮ್ಮ ಬಹುಮಾನದ ಹಾರವನ್ನು ಅದರ ಕತ್ತಿನಿಂದ ಯಾವಾಗಲೋ ಕಿತ್ತೆಸೆದಿದ್ದಳು.

ಬಹುಮಾನದ ಕ್ಯಾನು ಈಗ ಬಚ್ಚಲ ಮುಂದಿದೆ, ಗದ್ದೆಯಿಂದ ಬಂದವರು ಅದರ ನೀರಿನಲ್ಲಿ ಕಾಲು ತೊಳೆಯುತ್ತಾರೆ. ಸಾಕಮ್ಮ ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳಾಯಿತು. ಹೇಳುವುದನ್ನೆಲ್ಲ ಮರಿಗಳಿಗೆ ಹೇಳುತ್ತಾಳೆ. "ಅನ್ನ ಬಡಿಸೈತೆ, ಉಣ್ಣೋರು ಉಣ್ಣಬೋದು ಅಂತ ಹೇಳ್ರವ್ವ." ಮರಿಗಳು ನನಗೆ ಹೇಳುವುದಿಲ್ಲ, ಆದರೂ ನಾನು ಹೋಗಿ ಕೂರುತ್ತೇನೆ. ಡೇರಿಯಲ್ಲಿ ಪಾಠ ನಿಂತಿದೆ. ಮೊನ್ನೆ, ನನ್ನ ಬಾಯಿ ಕರೆದರೆ ಇಪ್ಪತ್ತು ಲೀಟರು ಅಂದಿದ್ದ ಆ ಹೆಂಗಸೇ ತಂದ ಹಾಲಿನಲ್ಲಿ ಗೆಡ್ಡೆ ಇತ್ತು. "ಏನ್ ಮಾಡ್ಬೇಕು ಬೋರಣ್ಣ?" ಅಂತ ಮೆತ್ತಗೆ ಕೇಳಿದಳು. "ಡಾಕ್ಟ್ರನ್ನ ಕೇಳಿ" ಅಂದು ಮುಂದಿನವರ ಹಾಲು ಅಳೆದೆ.

ಮರಿಗಳಿಗೆ ಹಾಲು ಕುಡಿಸುವ ಕೆಲಸ ನನ್ನದು. ಯಾರೂ ವಹಿಸಲಿಲ್ಲ, ಸಾಕಮ್ಮ ಬಾಟಲಿಯನ್ನು ನಾನು ಕೂರುವ ಜಾಗದಲ್ಲಿ ಇಟ್ಟಿದ್ದಳು, ಅರ್ಥವಾಯಿತು. ದಿನಕ್ಕೆ ಮೂರು ಸಲ. ಈಗ ಅವು ನನ್ನ ಹೆಜ್ಜೆ ಸಪ್ಪಳಕ್ಕೇ ಓಡಿಬರುತ್ತವೆ. ಹೆಣ್ಣುಮರಿಗೆ ತಾಯಿಯ ಕಿವಿ, ತಾಯಿಯ ಕೆಂಪು. ಹದಿನಾಲ್ಕು ವರ್ಷದಲ್ಲಿ ಸಾಕಮ್ಮನಿಗೆ ಉಳಿದಿರುವುದು ಅದೊಂದೇ. ಇವತ್ತು ಬೆಳಿಗ್ಗೆ ಬಾಟಲಿ ಬರುವುದು ಸ್ವಲ್ಪ ತಡವಾಯಿತು. ಹೆಣ್ಣುಮರಿ ಬಂದು ನನ್ನ ತೊಡೆಗೆ ಗುದ್ದಿತು, ಸರಿಯಾಗಿ ಜೇಬಿನ ಫೋನಿನ ಮೇಲೆ, ಅದರ ತಾಯಿ ಬಿಂದಿಗೆ ಕೆಚ್ಚಲು ಹೊತ್ತು ನಿಂತ ಫೋಟೊ ಇರುವ ಫೋನಿನ ಮೇಲೆ. ಮತ್ತೆ ಗುದ್ದಿತು, ಮತ್ತೆ. ನಾನು ತಡೆಯಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಕಮ್ಮ ಮರಿಗೆ ಹೇಳಿದಳು:

"ಗುದ್ದವ್ವ, ಇನ್ನೊಸಿ ಜೋರಾಗಿ ಗುದ್ದು. ಒಳಗೆ ಏನಾರ ಇದ್ರೆ ಸೊರೆ ಬುಟ್ಟಾರು."